ಕಡಲೆಕಾಯಿಯ ಬಳ್ಳಿ, ಹಿಂಡಿ ಮತ್ತು ಸಿಪ್ಪೆ: ದನ, ಕುರಿ, ಕೋಳಿ, ಮೀನುಗಳ ಆಹಾರವಾಗಿ

ಮುಂಗಾರಿನಲ್ಲಿ ಬಿತ್ತಿದ ಕಡಲೆಕಾಯಿಯನ್ನು ಕಿತ್ತು, ಕಾಯಿ ಬಿಡಿಸಿ, ಒಣಗಿಸಿ, ಮೂಟೆ ಕಟ್ಟಿ ಮಂಡಿಗೆ ಸಾಗಿಸಿದ ದಿನ ಆ ಬೆಳೆಯ ಲೆಕ್ಕ ಮುಗಿಯಿತೆಂದು ನಮ್ಮಲ್ಲಿ ಅನೇಕರು ತಿಳಿಯುತ್ತಾರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ರೈತರಾದ ನೀವು ಹಾಗೆ ತಿಳಿಯುವಂತಿಲ್ಲ. ಹೊಲದಲ್ಲಿ ಉಳಿದ ಬಳ್ಳಿ, ಗಾಣದಲ್ಲಿ ಉಳಿದ ಹಿಂಡಿ, ಕಾಯಿ ಒಡೆದಾಗ ಉಳಿದ ಸಿಪ್ಪೆ ಇವು ಮೂರೂ ನಿಮ್ಮ ಹೊಲದಲ್ಲೇ ಹುಟ್ಟಿದವು. ಮಳೆ ಕೈಕೊಟ್ಟ ವರ್ಷ ಕಾಯಿಯಿಂದ ಬಂದ ಹಣ ಬೀಜ, ಗೊಬ್ಬರ, ಕೂಲಿಗೆ ಸರಿಹೋದರೂ ಕೊಟ್ಟಿಗೆಯ ಹಸು ಮತ್ತು ಹಟ್ಟಿಯ ಕುರಿ ಮುಂದಿನ ಮಳೆಯವರೆಗೆ ಉಳಿಯುವುದು ಇವುಗಳಿಂದಲೇ.

ಈಚೆಗೆ ರೈತರ ಸಭೆಗಳಲ್ಲಿ ಎಣ್ಣೆತಾಳೆಯ ಮಾತು ಹೆಚ್ಚಾಗಿ ಕೇಳಿಬರುತ್ತಿದೆ. 2021ರಲ್ಲಿ ಕೇಂದ್ರ ಸರ್ಕಾರ ಎಣ್ಣೆತಾಳೆಗೆಂದೇ ರಾಷ್ಟ್ರೀಯ ಅಭಿಯಾನಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಇದು ಸಹಜ. ಮಲೇಷ್ಯಾ, ಇಂಡೋನೇಷ್ಯಾ ದೇಶಗಳಲ್ಲಿ ತಾಳೆಯ ಗರಿಯನ್ನೂ ತಾಳೆ ಬೀಜದ ಹಿಂಡಿಯನ್ನೂ ದನಗಳಿಗೆ ಹಾಕಿ ಸಾಕುತ್ತಾರೆಂದು ಓದಿದ ಶಿರಾ ಕಡೆಯ ರೈತರೊಬ್ಬರು, ನಾವೂ ಹಾಗೆ ಮಾಡಬಹುದೇ ಎಂದು ನನ್ನನ್ನು ಕೇಳಿದರು. ಎಣ್ಣೆತಾಳೆ ವರ್ಷವಿಡೀ ನೀರು ಬೇಡುವ ಮರ. ಬೇಸಿಗೆಯಲ್ಲಿ ಒಂದೊಂದು ಮರಕ್ಕೆ ದಿನಕ್ಕೆ 200 ಲೀಟರಿಗೂ ಹೆಚ್ಚು ನೀರು ಬೇಕು. ವರ್ಷಕ್ಕೆ 500-600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಕೊಳವೆಬಾವಿಗಳು ಒಂದಾದ ಮೇಲೊಂದು ಬತ್ತುತ್ತಿರುವ ನಮ್ಮ ಕಡೆಗೆ ಅದು ಹೇಳಿಸಿದ ಬೆಳೆಯಲ್ಲ. ಅದರ ಹಿಂಡಿಯನ್ನು ಹೊರಗಿನಿಂದ ತರಿಸಿದರೂ ಅದರಲ್ಲಿ ಇರುವ ಸಸಾರಜನಕ, ಅಂದರೆ ಪ್ರೋಟೀನು, ಶೇಕಡಾ 14ರಿಂದ 16ರಷ್ಟು ಮಾತ್ರ. ಅಲ್ಲದೆ ಅದರಲ್ಲಿ ತಾಮ್ರದ ಅಂಶ ಹೆಚ್ಚಿರುವುದರಿಂದ ಬಹುಕಾಲ ಹೆಚ್ಚಾಗಿ ತಿಂದ ಕುರಿಗಳಿಗೆ ವಿಷವಾಗುತ್ತದೆ. ದನಕ್ಕೆ ಸಹಿಸುವ ತಾಮ್ರ ಕುರಿಗೆ ಸಹಿಸುವುದಿಲ್ಲ. ಕುರಿಯನ್ನೇ ನಂಬಿದ ನಾಡಿಗೆ ಈ ಒಂದು ಮಾತು ಸಾಕು. ನಮ್ಮ ಎಣ್ಣೆ ಬೆಳೆ ಕಡಲೆಕಾಯಿ. ಅದರ ಹಿಂಡಿಯಲ್ಲಿ ತಾಳೆ ಹಿಂಡಿಗಿಂತ ಎರಡೂವರೆ ಪಟ್ಟಿಗೂ ಮೀರಿದ ಸಸಾರಜನಕವಿದೆ. ಅದನ್ನು ಹೇಗೆ ಬಳಸಬೇಕು, ಎಲ್ಲಿ ಹೆದರಬೇಕು ಎಂಬುದನ್ನು ಈ ಲೇಖನದಲ್ಲಿ ತಿಳಿಸುತ್ತೇನೆ. ಹೆದರಬೇಕಾದ ಒಂದು ಸಂಗತಿ ಇದೆ, ಅದಕ್ಕೆ ಮುಂದೆ ಬರುತ್ತೇನೆ.

ಒಂದು ಎಕರೆಯ ಲೆಕ್ಕ

ಮಳೆಯಾಶ್ರಯದ ಹೊಲದಲ್ಲಿ ಎಕರೆಗೆ 4 ಕ್ವಿಂಟಲ್ ಕಾಯಿ ಬಂದಿತೆಂದು ಇಟ್ಟುಕೊಳ್ಳಿ. ನೂರು ಕಿಲೋ ಕಾಯಿ ಒಡೆದರೆ 70 ಕಿಲೋ ಬೀಜ, 30 ಕಿಲೋ ಸಿಪ್ಪೆ. ಹಾಗಾಗಿ ನಿಮಗೆ 280 ಕಿಲೋ ಬೀಜ ಸಿಕ್ಕಿತು. ಅದನ್ನು ಗಾಣಕ್ಕೆ ಹಾಕಿಸಿದರೆ 110 ಕಿಲೋ ಆಸುಪಾಸು ಎಣ್ಣೆ, 165 ಕಿಲೋ ಆಸುಪಾಸು ಹಿಂಡಿ. ಈ ಹಿಂಡಿಯಲ್ಲಿ ಶೇಕಡಾ 42ರ ಲೆಕ್ಕದಲ್ಲಿ 69 ಕಿಲೋ ಸಸಾರಜನಕವಿದೆ. ಇನ್ನು ಬಳ್ಳಿ. ಕಾಯಿಯ ತೂಕಕ್ಕಿಂತ ಒಣ ಬಳ್ಳಿಯ ತೂಕ ಸಾಮಾನ್ಯವಾಗಿ ಸ್ವಲ್ಪ ಹೆಚ್ಚೇ ಇರುತ್ತದೆ; 5 ಕ್ವಿಂಟಲ್ ಎಂದು ಹಿಡಿಯೋಣ. ಎಲೆ ಉದುರದಂತೆ ಒಣಗಿಸಿದ ಬಳ್ಳಿಯಲ್ಲಿ ಶೇಕಡಾ 10ರಷ್ಟು ಸಸಾರಜನಕ ಇರುವುದರಿಂದ ಅಲ್ಲಿ ಇನ್ನೊಂದು 50 ಕಿಲೋ ಆಯಿತು. ಅಷ್ಟೇ ತೂಕದ ರಾಗಿ ಹುಲ್ಲಿನಲ್ಲಿ 15ರಿಂದ 20 ಕಿಲೋ ದಾಟುವುದಿಲ್ಲ.

ಈ 50 ಕಿಲೋವನ್ನು ನೀವು ದುಡ್ಡು ಕೊಟ್ಟು ಚೀಲದಲ್ಲಿ ತರಬೇಕಾದರೆ ಎಷ್ಟಾಗುತ್ತದೆಂದು ನಿಮ್ಮೂರಿನ ಹಾಲಿನ ಡೇರಿಯಲ್ಲಿ ಪಶು ಆಹಾರದ ಬೆಲೆ ಕೇಳಿ ನೀವೇ ಗುಣಿಸಿ ನೋಡಿ. ಚೀಲದ ಮೇಲೆ ಶೇಕಡಾ 20 ಸಸಾರಜನಕ ಎಂದು ಬರೆದಿದ್ದರೆ 50 ಕಿಲೋ ಸಸಾರಜನಕಕ್ಕೆ ಐದು ಚೀಲ ಬೇಕು. ಆದರೂ ಕಾಯಿ ಬಿಡಿಸಿದ ಮೇಲೆ ಬಳ್ಳಿಯನ್ನು ಕಣದ ಮೂಲೆಯಲ್ಲಿ ಗುಡ್ಡೆ ಹಾಕಿ, ಮಳೆಗೆ ಬಿಟ್ಟು, ಕಪ್ಪಾದ ಮೇಲೆ ತಿಪ್ಪೆಗೆ ಎಳೆಯುವುದನ್ನು ನಾನು ಪ್ರತಿ ವರ್ಷ ಕಾಣುತ್ತೇನೆ. ಪಾವಗಡದ ತಿರುಮಣಿ ಸುತ್ತಿನ ಸುಮಾರು 13 ಸಾವಿರ ಎಕರೆ ಜಮೀನು ಸೌರ ವಿದ್ಯುತ್ ಪಾರ್ಕಿಗೆ ಗುತ್ತಿಗೆಗೆ ಹೋದ ಮೇಲೆ ಆ ಭಾಗದಲ್ಲಿ ಕುರಿ ದನ ಮೇಯುವ ಬಯಲೂ ಕುಗ್ಗಿದೆ. ಅಲ್ಲಿ ಬಳ್ಳಿಯನ್ನು ಹಾಳುಮಾಡುವುದು ಇನ್ನೂ ದುಬಾರಿಯ ಮಾತು.

ಬಳ್ಳಿಯನ್ನು ಉಳಿಸಿಕೊಳ್ಳುವುದು

ಬಳ್ಳಿಯ ಸತ್ವವೆಲ್ಲ ಎಲೆಯಲ್ಲಿದೆ. ಕಡ್ಡಿಯಲ್ಲಿ ನಾರೇ ಹೆಚ್ಚು. ಆದ್ದರಿಂದ ಮೇವಿನ ಕೆಲಸ ಬೆಳೆ ಹೊಲದಲ್ಲಿರುವಾಗಲೇ ಆರಂಭವಾಗುತ್ತದೆ. ತಿಕ್ಕಾ ಎಲೆಚುಕ್ಕೆ ರೋಗ, ತುಕ್ಕು ರೋಗ ಬಂದು ಎಲೆ ಉದುರಿದ ಹೊಲದಲ್ಲಿ ಕಾಯಿಯೂ ಕಡಿಮೆ, ಕಿತ್ತಾಗ ಸಿಗುವುದು ಬರಿ ಕಡ್ಡಿ. ಧಾರವಾಡದಲ್ಲಿ ಬೆಳೆಸಿದ ಜಿ.ಪಿ.ಬಿ.ಡಿ.-4 ತಳಿ ಈ ಎರಡು ರೋಗಗಳನ್ನೂ ತಡೆದುಕೊಳ್ಳುವುದರಿಂದ ಕೊಯ್ಲಿನವರೆಗೂ ಹಸಿರಾಗಿ ನಿಲ್ಲುತ್ತದೆ. ನೀವು ಇಂದಿಗೂ ಬಿತ್ತುವ ಟಿ.ಎಂ.ವಿ.-2 ತಮಿಳುನಾಡಿನ ತಿಂಡಿವನಂನಿಂದ 1940ರಲ್ಲಿ ಬಂದ ತಳಿ. ಬರ ತಡೆಯುತ್ತದೆ, ಬೀಜ ಸುಲಭವಾಗಿ ಸಿಗುತ್ತದೆ, ಅದಕ್ಕೇ ಅದನ್ನು ಬಿಡಲಾರಿರಿ ಎಂಬುದು ನನಗೆ ಗೊತ್ತು. ಆದರೆ ಎಲೆರೋಗಕ್ಕೆ ಅದು ಬೇಗ ತುತ್ತಾಗುತ್ತದೆ. ಪಾವಗಡಕ್ಕೆ ಅಂಟಿಕೊಂಡಿರುವ ಅನಂತಪುರ ಸೀಮೆಯಲ್ಲಿ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ಐ.ಸಿ.ಜಿ.ವಿ.-91114 ತಳಿಯ ಬಳ್ಳಿಯನ್ನು ಹಸುಗಳಿಗೆ ಹಾಕಿ ನೋಡಿದಾಗ, ಹಳೆಯ ತಳಿಯ ಬಳ್ಳಿ ತಿಂದವುಗಳಿಗಿಂತ ಹತ್ತರಲ್ಲೊಂದು ಪಾಲಿನಷ್ಟು ಹಾಲು ಹೆಚ್ಚಿತು. ತಳಿ ಆರಿಸುವಾಗ ಕಾಯಿಯ ಇಳುವರಿಯ ಜೊತೆಗೆ ಬಳ್ಳಿಯನ್ನೂ ಕೇಳಿ ಎಂದು ನಾನು ಹೇಳುವುದು ಇದಕ್ಕಾಗಿ.

ಕೆಂಪು ಕಂಬಳಿ ಹುಳುವಿಗೋ ಎಲೆಚುಕ್ಕೆಗೋ ಔಷಧಿ ಹೊಡೆದಿದ್ದರೆ ಅದರ ಡಬ್ಬಿಯ ಮೇಲೆ ಬರೆದಿರುವ ಅವಧಿ ಮುಗಿಯುವವರೆಗೆ ಬಳ್ಳಿಯನ್ನು ದನಕ್ಕೆ ಹಾಕಕೂಡದು. ಕಳೆ ಕೀಳುವಾಗ ಸಿಕ್ಕಿದ ಸೊಪ್ಪಿಗೂ ಇದೇ ನಿಯಮ.

ನಮ್ಮ ಕಡೆ ಕೊಯ್ಲಿನ ಸಮಯಕ್ಕೂ ಮಳೆಗೂ ಹಗೆ. ಜೂನ್ ಕೊನೆ ಅಥವಾ ಜುಲೈನಲ್ಲಿ ಬಿತ್ತಿದ ಬೆಳೆ ಅಕ್ಟೋಬರ್ ನವೆಂಬರಿನಲ್ಲಿ ಕೀಳಲು ಬರುತ್ತದೆ, ಅದೇ ಹೊತ್ತಿಗೆ ಹಿಂಗಾರಿನ ಮಳೆಯೋ ಬಂಗಾಳಕೊಲ್ಲಿಯ ಚಂಡಮಾರುತದ ಜಡಿಯೋ ಹಿಡಿಯುತ್ತದೆ. ಮೂರು ದಿನದ ಮೋಡ ನೋಡಿ ಕೀಳುವುದು ಉತ್ತಮ. ಕಿತ್ತ ಗಿಡವನ್ನು ಜಾಡಿಸಿ ಮಣ್ಣು ಉದುರಿಸಿ. ಮಣ್ಣು ಸಮೇತ ತಿಂದ ದನದ ಹೊಟ್ಟೆಯಲ್ಲಿ ಮಣ್ಣು ಗಟ್ಟಿಯಾಗಿ ನಿಂತು ಮೆಲುಕು ನಿಲ್ಲುತ್ತದೆ. ಗಿಡಗಳನ್ನು ಬುಡ ಮೇಲಾಗಿ, ಕಾಯಿ ಬಿಸಿಲಿಗೂ ಎಲೆ ಕೆಳಗೂ ಇರುವಂತೆ ಸಾಲಾಗಿ ಮಗುಚಿ ಹಾಕಿದರೆ ಕಾಯಿ ಬೇಗ ಒಣಗುತ್ತದೆ, ಎಲೆ ನೆರಳಲ್ಲಿ ಹಸಿರು ಕೆಡದೆ ಬಾಡುತ್ತದೆ. ಎರಡು ಮೂರು ದಿನಕ್ಕೆ ಕಾಯಿ ಬಿಡಿಸಬಹುದು. ಬಳ್ಳಿ ಮುರಿದರೆ ಚಟ್ಟೆಂದು ಮುರಿಯುವಷ್ಟು ಒಣಗಿಸಿದರೆ ಎಲೆಯೆಲ್ಲ ಕಣದಲ್ಲೇ ಪುಡಿಯಾಗಿ ಹೋಗುತ್ತದೆ; ಹಸಿಯಾಗಿ ಬಣವೆ ಹಾಕಿದರೆ ಒಳಗೆ ಕಾವೇರಿ ಬೂಷ್ಟು ಹಿಡಿಯುತ್ತದೆ. ಕಡ್ಡಿಯನ್ನು ಉಗುರಿನಿಂದ ಗೀರಿದರೆ ತೇವ ಕಾಣಬಾರದು, ಎಲೆ ಮಾತ್ರ ಕಡ್ಡಿಗೆ ಅಂಟಿಕೊಂಡೇ ಇರಬೇಕು, ಅದು ಹದ. ಬಣವೆಯ ಕೆಲಸವನ್ನು ಬೆಳಗಿನ ಇಬ್ಬನಿ ಆರಿದ ತಕ್ಷಣ, ಬಿಸಿಲು ಬಲಿಯುವ ಮೊದಲು ಮಾಡಿದರೆ ಎಲೆ ಉದುರುವುದು ಕಡಿಮೆ.

ಬಣವೆಯನ್ನು ನೆಲದ ಮೇಲೆ ಹಾಕಬೇಡಿ. ನಮ್ಮ ಕಡೆ ಕಲ್ಲಿಗೆ ಬರವಿಲ್ಲ. ಚಪ್ಪಡಿ ಕಲ್ಲನ್ನು ಒಂದಡಿ ಎತ್ತರಕ್ಕೆ ನಿಲ್ಲಿಸಿ ಅದರ ಮೇಲೆ ಜಾಲಿ ಕೊಂಬೆ ಹಾಸಿ, ಆಮೇಲೆ ಬಣವೆ ಕಟ್ಟಿ. ಒಂದು ಪದರ ಬಳ್ಳಿ, ಒಂದು ಪದರ ಹಳೆಯ ರಾಗಿ ಹುಲ್ಲು ಹೀಗೆ ಒಟ್ಟಿದರೆ ಬಳ್ಳಿಯಲ್ಲಿ ಉಳಿದ ತೇವವನ್ನು ಹುಲ್ಲು ಹೀರಿಕೊಳ್ಳುತ್ತದೆ. ಹಾಕುವಾಗಲೂ ಎರಡೂ ಬೆರೆತೇ ಸಿಗುತ್ತವೆ. ಮೇಲ್ಭಾಗಕ್ಕೆ ರಾಗಿ ಹುಲ್ಲನ್ನೇ ಮನೆಯ ಸೂರಿನಂತೆ ಇಳಿಜಾರಾಗಿ ಹೊದಿಸಿ. ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತಿದರೆ ಒಳಗಿನ ಹಬೆ ಹೊರಗೆ ಹೋಗದೆ ಬಳ್ಳಿ ಕೆಡುತ್ತದೆ. ಬಣವೆ ಹಾಕಿ ವಾರದ ಮೇಲೆ ನಡುವಿಗೆ ಕೈ ತೂರಿಸಿ ನೋಡಿ. ಬಿಸಿಯಾಗಿದ್ದರೆ ಅಂದೇ ಬಿಚ್ಚಿ ಹರಡಬೇಕು, ನಾಳೆಗೆಂದು ಬಿಡಬೇಡಿ.

ಹಾಲು ಕೊಡುವ ಹಸುವಿಗೆ ದಿನಕ್ಕೆ 4ರಿಂದ 5 ಕಿಲೋ ಬಳ್ಳಿಯನ್ನು ರಾಗಿ ಹುಲ್ಲು ಅಥವಾ ಜೋಳದ ಸಪ್ಪೆಯ ಜೊತೆ ಕೊಡಬಹುದು. ಉಳುವ ಎತ್ತಿಗೂ ಅಷ್ಟೇ. ಕುರಿಗೆ ಅರ್ಧದಿಂದ ಮುಕ್ಕಾಲು ಕಿಲೋ ಸಾಕು.

ಹಿಂಡಿ ಕೊಳ್ಳುವಾಗ

ಗಾಣ, ಎಕ್ಸ್‌ಪೆಲ್ಲರ್ ಯಂತ್ರ, ದ್ರಾವಕದಿಂದ ಎಣ್ಣೆ ತೆಗೆಯುವ ಕಾರ್ಖಾನೆ ಈ ಮೂರು ಕಡೆಯಿಂದಲೂ ಹಿಂಡಿ ಬರುತ್ತದೆ. ಮರದ ಗಾಣದ ಹಿಂಡಿಯಲ್ಲಿ ಎಣ್ಣೆ ಹೆಚ್ಚು ಉಳಿದಿರುವುದರಿಂದ ದನ ಚಪ್ಪರಿಸಿ ತಿನ್ನುತ್ತದೆ, ಆದರೆ ಬೇಗ ಕಮಟು ವಾಸನೆ ಬರುತ್ತದೆ. ಮಳೆಗಾಲದಲ್ಲಿ ಅದನ್ನು ಒಂದು ತಿಂಗಳಿಗಿಂತ ಹೆಚ್ಚು ಇಡಬಾರದು. ಕಾರ್ಖಾನೆಯ ಹಿಂಡಿಯಲ್ಲಿ ಎಣ್ಣೆ ಶೇಕಡಾ ಒಂದರಷ್ಟು, ಸಸಾರಜನಕ ಶೇಕಡಾ 45ಕ್ಕೂ ಮೇಲೆ.

ಹಿಂಡಿಯಲ್ಲಿ ಮರಳು ಸೇರಿಸುವುದು, ಸಿಪ್ಪೆ ಅರೆದು ಬೆರೆಸುವುದು ಹಳೆಯ ಕಸುಬು. ಒಂದು ಹಿಡಿ ಹಿಂಡಿಯನ್ನು ಗಾಜಿನ ಲೋಟದ ನೀರಿನಲ್ಲಿ ಕದಡಿ ಇಟ್ಟರೆ ಮರಳು ತಳಕ್ಕೆ ಇಳಿಯುತ್ತದೆ, ಸಿಪ್ಪೆಯ ಚೂರು ಮೇಲೆ ತೇಲುತ್ತದೆ. ಇದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದನ್ನು ಗಾಣದವರನ್ನು ಕೇಳಿ: ನಮ್ಮ ಕಡಲೆ ಬೀಜಕ್ಕಿಂತ ಮೊದಲು ಈ ಯಂತ್ರದಲ್ಲಿ ಅರೆದದ್ದೇನು? ನೀವು ಕಡಲೆಕಾಯಿಯ ಜೊತೆ ಅಕ್ಕಡಿಯಾಗಿ ಹರಳು ಹಾಕುತ್ತೀರಿ, ಬದುವಿನಲ್ಲಿ ಹೊಂಗೆ, ಬೇವು ಇರುತ್ತವೆ. ಹರಳು ಹಿಂಡಿ ದನಕ್ಕೆ ಕಡುವಿಷ. ಹೊಂಗೆ ಹಿಂಡಿಯೂ ಮೇವಲ್ಲ. ಇವುಗಳನ್ನು ಅರೆದ ಯಂತ್ರವನ್ನು ತೊಳೆಯದೆ ಕಡಲೆ ಬೀಜ ಹಾಕಿದರೆ ಮೊದಲ ಹಿಂಡಿಯಲ್ಲಿ ಅದರ ಪಾಲು ಸೇರುತ್ತದೆ. ಮೊದಲ ಹಿಂಡಿಯನ್ನು ಗೊಬ್ಬರಕ್ಕೆ ತೆಗೆದಿಡಿ.

ಬೂಷ್ಟಿನ ವಿಷ

ಕೆಲವು ವರ್ಷಗಳ ಹಿಂದೆ ಮಧುಗಿರಿ ತಾಲ್ಲೂಕಿನ ಹಳ್ಳಿಯೊಂದಕ್ಕೆ ಬೀಜೋಪಚಾರದ ಪ್ರಾತ್ಯಕ್ಷಿಕೆಗೆಂದು ಹೋಗಿದ್ದೆ. ಕೆಲಸ ಮುಗಿಸಿ ಹೊರಡುವಾಗ ಒಬ್ಬ ಹೆಣ್ಣುಮಗಳು ನನ್ನನ್ನು ತಡೆದು ತನ್ನ ಕೋಳಿಗಳನ್ನು ನೋಡಲು ಕರೆದಳು. ನಾನು ಬೇಸಾಯಶಾಸ್ತ್ರದವನು, ಪಶುವೈದ್ಯನಲ್ಲ, ಎಂದರೂ ಬಿಡಲಿಲ್ಲ. ಸಾಲ ಮಾಡಿ ತಂದ ಗಿರಿರಾಜ ಕೋಳಿಗಳು ನಲವತ್ತಕ್ಕೂ ಹೆಚ್ಚಿದ್ದವಂತೆ. ಹತ್ತು ದಿನದಲ್ಲಿ ಅರ್ಧಕ್ಕರ್ಧ ಸತ್ತಿದ್ದವು. ಉಳಿದವು ರೆಕ್ಕೆ ಜೋಲುಬಿಟ್ಟು ಗೋಡೆಗೆ ಒರಗಿ ನಿಂತಿದ್ದವು. ಕೊಕ್ಕರೆ ರೋಗವಿರಬೇಕೆಂದು ಊರಿನವರು ಹೇಳುತ್ತಿದ್ದರು, ಆದರೆ ಲಸಿಕೆ ಹಾಕಿಸಿತ್ತು. ಸತ್ತ ಎರಡು ಕೋಳಿಗಳನ್ನು ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ದು ಕೊಯ್ದು ನೋಡಿದಾಗ ಈಲಿ ಊದಿ ಹಳದಿ ತಿರುಗಿ ಅಲ್ಲಲ್ಲಿ ರಕ್ತ ಒಸರಿತ್ತು. ಏನು ಹಾಕುತ್ತಿದ್ದಿರಿ ಎಂದು ವೈದ್ಯರು ವಿಚಾರಿಸಿದರು. ಬಿತ್ತನೆಗೆಂದು ಬೀಜ ಆರಿಸುವಾಗ ಬೇರೆ ತೆಗೆದ ಕಪ್ಪು ಬೀಜ, ಸುಕ್ಕು ಬೀಜ, ಮುರುಕುಗಳನ್ನು ಕುಟ್ಟಿ ನುಚ್ಚಿನ ಜೊತೆ ಹಾಕುತ್ತಿದ್ದಳು. "ದುಡ್ಡಿಗೆ ಹೋಗದ್ದು ಸ್ವಾಮಿ, ಎಸೆಯೋಕೆ ಮನಸ್ಸು ಬರಲಿಲ್ಲ" ಎಂದಳು. ಅದೇ ಗುಡ್ಡೆಯಿಂದ ಮನೆಯ ಚಟ್ನಿಗೂ ಒಂದಿಷ್ಟು ಹೋಗಿತ್ತೆಂದು ಆಮೇಲೆ ತಿಳಿಯಿತು.

ಆ ಬೀಜಗಳಲ್ಲಿದ್ದದ್ದು ಅಫ್ಲಾಟಾಕ್ಸಿನ್ ಎಂಬ ವಿಷ. ಇದನ್ನು ಉಂಟುಮಾಡುವುದು ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ ಹಸಿರು ಬಣ್ಣದ ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತಾಗ, ಬ್ರೆಜಿಲ್ ದೇಶದಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ ಈ ವಿಷ ಮೊದಲು ಪತ್ತೆಯಾಯಿತು. ಅದೇ ದಶಕದಲ್ಲಿ ಆಗಿನ ಮೈಸೂರು ರಾಜ್ಯದಲ್ಲೂ ಕಡಲೆಕಾಯಿ ಹಿಂಡಿ ತಿಂದ ಕೋಳಿಗಳು ಇದರಿಂದ ಸತ್ತದ್ದು ವರದಿಯಾಗಿದೆ. 1974ರಲ್ಲಿ ಗುಜರಾತ್, ರಾಜಸ್ಥಾನಗಳ ಗಡಿ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದು ನೂರಕ್ಕೂ ಹೆಚ್ಚು ಜನ ಕಾಮಾಲೆಯಂಥ ಕಾಯಿಲೆಯಿಂದ ತೀರಿಕೊಂಡರು. ಸ್ವಲ್ಪ ಸ್ವಲ್ಪವಾಗಿ ಬಹುಕಾಲ ದೇಹಕ್ಕೆ ಸೇರಿದರೆ ಈಲಿಯ ಕ್ಯಾನ್ಸರಿಗೂ ಇದು ಕಾರಣ.

ಇಲ್ಲಿ ನೀವು ಮುಖ್ಯವಾಗಿ ತಿಳಿಯಬೇಕಾದ ಸಂಗತಿ ಒಂದಿದೆ. ಕೆಟ್ಟ ಬೀಜವನ್ನು ಗಾಣಕ್ಕೆ ಹಾಕಿದರೆ ಈ ವಿಷದ ಹೆಚ್ಚಿನ ಪಾಲು ಎಣ್ಣೆಗೆ ಹೋಗುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ಒಳ್ಳೆಯ ಬೀಜ ತಿನ್ನುವುದಕ್ಕೂ ಬಿತ್ತನೆಗೂ ಹೋಗುತ್ತದೆ, ಆರಿಸಿ ಬಿಟ್ಟದ್ದು ಗಾಣಕ್ಕೆ ಹೋಗುತ್ತದೆ. ಹಾಗಾಗಿ ನೀವು ಮಂಡಿಯಲ್ಲಿ ಕಳೆದುಕೊಂಡ ಕಪ್ಪು ಬೀಜ ಹಿಂಡಿಯಾಗಿ ನಿಮ್ಮ ಹಸುವಿನ ಬಾನಿಗೇ ಹಿಂದಿರುಗಿ ಬರುತ್ತದೆ. ಬೇಯಿಸಿದರೆ, ಹುರಿದರೆ ಬೂಷ್ಟು ಸಾಯಬಹುದು, ವಿಷ ಪೂರ್ತಿ ಹೋಗುವುದಿಲ್ಲ. ಬೂಷ್ಟನ್ನು ಒರೆಸಿ ಬಿಸಿಲಿಗೆ ಒಣಗಿಸಿದ ಹಿಂಡಿ ನೋಡಲು ಚೆನ್ನಾಗಿ ಕಂಡರೂ ವಿಷ ಅಲ್ಲೇ ಇರುತ್ತದೆ.

ಹಸು ಕೂಡಲೇ ಸಾಯುವುದಿಲ್ಲ. ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಬೆದೆಗೆ ಬರುವುದು ತಡವಾಗುತ್ತದೆ. ಕರುಗಳು ದೊಡ್ಡ ದನಗಳಿಗಿಂತ ಬೇಗ ಸೊರಗುತ್ತವೆ. ಕುರಿ, ಮೇಕೆ ಸ್ವಲ್ಪ ಹೆಚ್ಚು ತಡೆಯುತ್ತವೆ. ಬಾತುಕೋಳಿ, ಟರ್ಕಿ ಕೋಳಿ, ಎಳೆಯ ಮರಿಗಳು ಎಲ್ಲಕ್ಕಿಂತ ಬೇಗ ಬಲಿಯಾಗುತ್ತವೆ. ಹಸು ತಿಂದ ವಿಷದ ಒಂದು ಭಾಗ ರೂಪ ಬದಲಿಸಿ ಒಂದೇ ದಿನದಲ್ಲಿ ಹಾಲಿಗೆ ಇಳಿಯುತ್ತದೆ. ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಕಿಲೋಗೆ 500 ಮೈಕ್ರೋಗ್ರಾಂ ವಿಷವಿರುವ ಕೆಟ್ಟ ಹಿಂಡಿಯನ್ನು ದಿನಕ್ಕೆ 2 ಕಿಲೋ ತಿಂದ ಹಸುವಿನ ಹೊಟ್ಟೆಗೆ 1000 ಮೈಕ್ರೋಗ್ರಾಂ ಹೋಯಿತು. ಅದರಲ್ಲಿ ನೂರಕ್ಕೆ ಎರಡು ಪಾಲು ಹಾಲಿಗೆ ಬಂದರೂ 20 ಮೈಕ್ರೋಗ್ರಾಂ. ಹಸು 8 ಲೀಟರ್ ಕರೆದರೆ ಲೀಟರಿಗೆ ಎರಡೂವರೆ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಂತೆ ಹಾಲಿನಲ್ಲಿ ಇರಬಹುದಾದದ್ದು ಕಿಲೋಗೆ ಅರ್ಧ ಮೈಕ್ರೋಗ್ರಾಂ ಮಾತ್ರ, ಐದು ಪಟ್ಟಾಯಿತು. ಕಾಯಿಸಿದರೆ ಇದು ಹೋಗುವುದಿಲ್ಲ. ಡೇರಿಗೆ ಹಾಕುವ ಮೊದಲು ಮನೆಯ ಮಗುವಿಗೆಂದು ತೆಗೆದಿಡುವ ಲೋಟವೂ ಅದೇ ಹಾಲಿನದು. ಸಮಾಧಾನವೆಂದರೆ, ಕೆಟ್ಟ ಹಿಂಡಿ ನಿಲ್ಲಿಸಿದ ಮೂರು ನಾಲ್ಕು ದಿನಕ್ಕೆ ಹಾಲು ಸರಿಯಾಗುತ್ತದೆ.

ಬೂಷ್ಟು ಎಲ್ಲಿಂದ ಬರುತ್ತದೆ? ಹೊಲದ ಮಣ್ಣಿನಲ್ಲೇ ಇದೆ. ಕಾಯಿ ಬಲಿಯುವ ಕೊನೆಯ ನಾಲ್ಕಾರು ವಾರ ಮಳೆ ಹೋಗಿ ನೆಲ ಕಾದರೆ ಗಿಡ ಬಾಡಿ ಬೂಷ್ಟು ಕಾಯಿಯೊಳಗೆ ಹೊಕ್ಕುತ್ತದೆ. ಪಾವಗಡ, ಶಿರಾಗಳಲ್ಲಿ ಇಂಥ ವರ್ಷಗಳೇ ಹೆಚ್ಚು. ಕೃಷಿಹೊಂಡದಲ್ಲಿ ನೀರಿದ್ದರೆ ಆ ಹೊತ್ತಿಗೆ ಕೊಡುವ ಒಂದು ತೆಳು ನೀರು ಕಾಯಿಯನ್ನೂ ತುಂಬಿಸುತ್ತದೆ, ಹಿಂಡಿಯನ್ನೂ ಕಾಯುತ್ತದೆ. ಹೂ ಬಿಡುವ ಕಾಲದಲ್ಲಿ ಎಕರೆಗೆ 200 ಕಿಲೋ ಜಿಪ್ಸಂ ಹಾಕಿ ಮಣ್ಣು ಏರಿಸಿದರೆ ಸಿಪ್ಪೆ ಗಟ್ಟಿಯಾಗಿ ಬೂಷ್ಟು ಒಳನುಗ್ಗುವುದು ಕಡಿಮೆಯಾಗುತ್ತದೆ. ತಿಪ್ಪೆಗೊಬ್ಬರದಲ್ಲಿ ಟ್ರೈಕೋಡರ್ಮಾ ಬೆಳೆಸಿ ಹಾಕುವುದೂ ಉಪಯುಕ್ತ. ಗುದ್ದಲಿ ತಗುಲಿ ಗಾಯವಾದ ಕಾಯಿ, ಗೆದ್ದಲು ಕೆರೆದ ಕಾಯಿ, ಗಿಡ ಸತ್ತ ಮೇಲೆ ನೆಲದಲ್ಲಿ ಉಳಿದ ಕಾಯಿ ಇವನ್ನು ಒಳ್ಳೆಯ ಕಾಯಿಯ ಜೊತೆ ಸೇರಿಸಬಾರದು. ಕಾಯಿಯನ್ನು ಅಲುಗಿಸಿದರೆ ಗಲಗಲ ಎನ್ನುವವರೆಗೆ, ಬೀಜ ಉಜ್ಜಿದರೆ ಕೆಂಪು ಸಿಪ್ಪೆ ಸುಲಭವಾಗಿ ಬಿಡುವವರೆಗೆ ಒಣಗಿಸಿ. ತೇವ ಶೇಕಡಾ 8ಕ್ಕೆ ಇಳಿಯಬೇಕು. ಕಾಯಿ ಒಡೆಯುವಾಗ ಬೀಜ ಮುರಿಯದಿರಲೆಂದು, ತೂಕವೂ ಬರಲೆಂದು ನೀರು ಚಿಮುಕಿಸುವ ಪದ್ಧತಿ ಕೆಲವು ಕಡೆ ಇದೆ. ಇಷ್ಟೆಲ್ಲ ಮಾಡಿ ಒಣಗಿಸಿದ ಕಾಯಿಗೆ ಕೊನೆಯಲ್ಲಿ ಬೂಷ್ಟನ್ನು ಕರೆದು ತಂದಂತೆ ಅದು. ದಯವಿಟ್ಟು ಬಿಡಿ.

ಹಿಂಡಿಯ ಚೀಲವನ್ನು ಗೋಡೆಯಿಂದ ಒಂದಡಿ ದೂರ, ಹಲಗೆಯ ಮೇಲಿಡಿ. ಪರೀಕ್ಷೆಗೆ ಕಳುಹಿಸುವುದಾದರೆ ಒಂದೇ ಚೀಲದ ಬಾಯಿಂದ ತೆಗೆಯಬೇಡಿ. ವಿಷ ಒಂದೇ ಸಮನಾಗಿ ಹರಡಿರುವುದಿಲ್ಲ, ಒಂದು ಮೂಲೆಯಲ್ಲಿ ಬಹಳ, ಪಕ್ಕದಲ್ಲಿ ಏನೂ ಇಲ್ಲದಿರಬಹುದು. ಪ್ರತಿ ಚೀಲದ ಮೇಲಿಂದ, ನಡುವಿಂದ, ತಳದಿಂದ ಒಂದೊಂದು ಹಿಡಿ ತೆಗೆದು ಪುಡಿಮಾಡಿ ಬೆರೆಸಿ, ಅದರಲ್ಲಿ ಅರ್ಧ ಕಿಲೋ ಕಳುಹಿಸಿ. ಎಲ್ಲಿಗೆ, ಹೇಗೆ ಎಂಬುದನ್ನು ನಿಮ್ಮ ಪಶುವೈದ್ಯರಾಗಲಿ, ಹಿರೇಹಳ್ಳಿ ಅಥವಾ ತಿಪಟೂರು ಬಳಿಯ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಗಳಾಗಲಿ ತಿಳಿಸುತ್ತವೆ. ಪಶು ಆಹಾರದಲ್ಲಿ ಇರಬಹುದಾದ ಮಿತಿ ಕಿಲೋಗೆ 20 ಮೈಕ್ರೋಗ್ರಾಂ.

ದಾಣಿ ಮಿಶ್ರಣ

ಹಿಂಡಿಯನ್ನೊಂದೇ ಹಾಕುವುದು ದುಂದು. ಮನೆಯಲ್ಲೇ ಬೆರೆಸಲು ಒಂದು ಸರಳ ಲೆಕ್ಕ: ಮುಸುಕಿನ ಜೋಳ ಅಥವಾ ರಾಗಿಯ ನುಚ್ಚು 40 ಕಿಲೋ, ಕಡಲೆಕಾಯಿ ಹಿಂಡಿ 25 ಕಿಲೋ, ಗೋಧಿ ಬೂಸಾ ಅಥವಾ ಅಕ್ಕಿ ತೌಡು 32 ಕಿಲೋ, ಖನಿಜ ಮಿಶ್ರಣ 2 ಕಿಲೋ, ಉಪ್ಪು 1 ಕಿಲೋ. ಈ ನೂರು ಕಿಲೋದಲ್ಲಿ ಸುಮಾರು 18 ಕಿಲೋ ಸಸಾರಜನಕ ಬರುತ್ತದೆ. ಹಸುವಿನ ಶರೀರ ಪೋಷಣೆಗೆ ದಿನಕ್ಕೆ 1 ಕಿಲೋ, ಆಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ 1 ಕಿಲೋ. ಎಮ್ಮೆಯಾದರೆ ಪ್ರತಿ 2 ಲೀಟರಿಗೆ 1 ಕಿಲೋ. ಕಡಲೆಕಾಯಿ ಹಿಂಡಿಯ ಬೆಲೆ ಏರಿದಾಗ ಅದರ ಅರ್ಧವನ್ನು ತೆಗೆದು ಕೊಬ್ಬರಿ ಹಿಂಡಿ ಸೇರಿಸಬಹುದು. ಅದರಲ್ಲಿ ಸಸಾರಜನಕ ಶೇಕಡಾ 20ರ ಆಸುಪಾಸು ಮಾತ್ರವಾದ್ದರಿಂದ ಒಂದಕ್ಕೆ ಎರಡು ಹಾಕಿ, ಅಷ್ಟು ಬೂಸಾ ಕಡಿಮೆ ಮಾಡಬೇಕು. ಒಳ್ಳೆಯ ಬಳ್ಳಿಯನ್ನು ಹೊಟ್ಟೆ ತುಂಬ ತಿನ್ನುವ ಹಸುವಿಗೆ ದಾಣಿಯಲ್ಲಿ ಅರ್ಧ ಕಿಲೋವರೆಗೆ ಕಡಿತ ಮಾಡಿ ನೋಡಿ. ಹಾಲು ಇಳಿಯದಿದ್ದರೆ ಅದೇ ನಿಮ್ಮ ಉಳಿತಾಯ.

ಕುರಿಗೆ

ಕಾಯಿ ಕಿತ್ತ ಹೊಲದಲ್ಲಿ ಕುರಿ ಮಂದೆ ನಿಲ್ಲಿಸುವುದು ನಮ್ಮ ಹಿರಿಯರಿಂದ ಬಂದ ಪದ್ಧತಿ. ಹೊಲಕ್ಕೆ ಹಿಕ್ಕೆ ಗೊಬ್ಬರ, ಕುರಿಗೆ ಉದುರಿದ ಎಲೆ ಮತ್ತು ನೆಲದಲ್ಲುಳಿದ ಕಾಯಿ. ಆದರೆ ಬರಿ ಕರಿಕೆ ಮೇಯುತ್ತಿದ್ದ ಮಂದೆ ಒಮ್ಮೆಲೆ ಕಾಯಿ ತಿಂದು ಹೊಟ್ಟೆ ಬಿರಿದರೆ ಕರುಳು ಬೇನೆ ಬರುತ್ತದೆ. ಬೆಳಗಾಗುವಷ್ಟರಲ್ಲಿ ಒಳ್ಳೆಯ ಮೈಯ ಮರಿಗಳೇ ಮೊದಲು ಸತ್ತು ಬಿದ್ದಿರುತ್ತವೆ. ಪಶುಸಂಗೋಪನಾ ಇಲಾಖೆಯವರು ಮುಂಗಾರಿಗೆ ಮೊದಲು ಹಾಕುವ ಲಸಿಕೆಯನ್ನು ತಪ್ಪಿಸಬೇಡಿ. ಹೊಸ ಹೊಲಕ್ಕೆ ಮಂದೆಯನ್ನು ಬಿಡುವ ದಿನ ಮೊದಲು ಒಣಹುಲ್ಲು ತಿನ್ನಿಸಿ, ಒಂದು ಗಂಟೆ ಮಾತ್ರ ಮೇಯಿಸಿ, ದಿನದಿನಕ್ಕೆ ಹೆಚ್ಚಿಸಿ.

ಮಾರಾಟಕ್ಕೆ ಟಗರು ಕೊಬ್ಬಿಸುವವರು ಬಳ್ಳಿಯ ಜೊತೆಗೆ ದಿನಕ್ಕೆ 100ರಿಂದ 150 ಗ್ರಾಂ ಹಿಂಡಿ, ಅಷ್ಟೇ ಮುಸುಕಿನ ಜೋಳದ ನುಚ್ಚು ಕೊಡಬಹುದು. 25 ಗ್ರಾಮಿನಿಂದ ಆರಂಭಿಸಿ ಎರಡು ವಾರದಲ್ಲಿ ಆ ಮಟ್ಟಕ್ಕೆ ಏರಿಸಬೇಕು. ಈದ ಕುರಿಗೂ ಮೊದಲ ಒಂದೂವರೆ ತಿಂಗಳು 100 ಗ್ರಾಂ ಹಿಂಡಿ ಕೊಟ್ಟರೆ ಮರಿಗೆ ಹಾಲು ಸಾಲುತ್ತದೆ.

ಕೋಳಿಗೆ

ಕೋಳಿಯ ವಿಷಯದಲ್ಲಿ ನಾನು ಸ್ವಲ್ಪ ಹಿಂಜರಿಯುತ್ತೇನೆ. ಕಡಲೆಕಾಯಿ ಹಿಂಡಿಯ ಸಸಾರಜನಕದಲ್ಲಿ ಲೈಸಿನ್, ಮಿಥಿಯೋನಿನ್ ಎಂಬ ಎರಡು ಅಂಶಗಳು ಕಡಿಮೆ. ಮೀನು ಪುಡಿ ಅಥವಾ ಸೋಯಾ ಹಿಂಡಿ ಜೊತೆಗಿಲ್ಲದೆ ಅದು ಸಾಲದು. ಮೇಲಿನ ವಿಷದ ಭಯವೂ ಸೇರಿ ದೊಡ್ಡ ಕೋಳಿ ಫಾರಂಗಳು ಸೋಯಾ ಕಡೆಗೆ ಹೋದವು. ಹಿತ್ತಲ ಕೋಳಿಗೆ ತಾಜಾ ಹಿಂಡಿಯನ್ನು ನೂರಕ್ಕೆ ಹತ್ತರಷ್ಟು ಸೇರಿಸಿದರೆ ಸಾಕು. ಎರಡು ತಿಂಗಳೊಳಗಿನ ಮರಿಗೂ ಬಾತುಕೋಳಿಗೂ ಬೇಡ.

ಸಿಪ್ಪೆ ಮೇವಲ್ಲ, ಅದರಲ್ಲಿ ಅರ್ಧಕ್ಕೂ ಮೇಲೆ ನಾರು. ಕೋಳಿ ಮನೆಯ ನೆಲಕ್ಕೆ ಹಾಸಲು ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಒಣಗಿರಬೇಕು ಅಷ್ಟೇ. ಬೂಷ್ಟು ಹಿಡಿದ ಸಿಪ್ಪೆಯ ಧೂಳು ಉಸಿರಿಗೆ ಹೋದರೆ ಮರಿಗಳ ಶ್ವಾಸಕೋಶ ಕೆಡುತ್ತದೆ. ಹಾಸಿ ತೆಗೆದ ಸಿಪ್ಪೆ ಹಿಕ್ಕೆಯೊಡನೆ ಸೇರಿ ಒಳ್ಳೆಯ ಗೊಬ್ಬರ.

ಮೀನಿಗೆ

2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ನಮ್ಮ ತಾಲ್ಲೂಕುಗಳಲ್ಲೂ ಹೊಂಡಗಳಾಗಿವೆ. ಏಳೆಂಟು ತಿಂಗಳು ನೀರು ನಿಲ್ಲುವ ಹೊಂಡದಲ್ಲಿ ಕಾಟ್ಲ, ರೋಹು, ಮೃಗಾಲ್ ಮರಿಗಳನ್ನು ಬಿಡಬಹುದು. ಕೊರಟಗೆರೆಯ ತೀತಾ ಜಲಾಶಯ, ಶಿರಾ, ಕಳ್ಳಂಬೆಳ್ಳ ಕೆರೆಗಳಂಥ ದೊಡ್ಡ ನೀರಿನಲ್ಲಿ ಮೀನು ತಾನೇ ಹುಡುಕಿ ತಿನ್ನುತ್ತದೆ. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಅದಕ್ಕೆ ಸಹಜ ಆಹಾರ ಕಡಿಮೆ, ನೀವೇ ಹಾಕಬೇಕು. ಕಡಲೆಕಾಯಿ ಹಿಂಡಿ ಒಂದು ಪಾಲು, ಅಕ್ಕಿ ತೌಡು ಒಂದು ಪಾಲು. ಹಿಂಡಿಯನ್ನು ರಾತ್ರಿ ನೆನೆಸಿ ಬೆಳಿಗ್ಗೆ ತೌಡಿನೊಡನೆ ಉಂಡೆ ಮಾಡಿ, ತೂತು ಮಾಡಿದ ಗೊಬ್ಬರದ ಚೀಲವನ್ನು ತೊಳೆದು ಅದರಲ್ಲಿ ತುಂಬಿ ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಬಿಡಿ. ಎರಚಿದರೆ ಅರ್ಧ ತಳ ಸೇರಿ ಕೊಳೆಯುತ್ತದೆ. ಮೀನಿನ ಒಟ್ಟು ತೂಕದ ನೂರಕ್ಕೆ ಎರಡು ಪಾಲು ದಿನದ ಆಹಾರ. ಕಾಲು ಕಿಲೋ ತೂಗುವ ಸಾವಿರ ಮೀನಿಗೆ 5 ಕಿಲೋ ಆಯಿತು. ಸಂಜೆಗೆ ಚೀಲದಲ್ಲಿ ಉಳಿದಿದ್ದರೆ ಮರುದಿನ ಕಡಿಮೆ ಮಾಡಿ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ನೀರಿನಲ್ಲಿ ಗಾಳಿ ಸಾಲುತ್ತಿಲ್ಲವೆಂದು ತಿಳಿದು ಅಂದು ಆಹಾರ ನಿಲ್ಲಿಸಿ, ಹೊಸ ನೀರು ಬಿಡಿ.

ದನಕ್ಕೆ ಆಗದ್ದು ಮೀನಿಗಾದೀತು ಎಂದು ಬೂಷ್ಟು ಹಿಡಿದ ಹಿಂಡಿಯನ್ನು ಹೊಂಡಕ್ಕೆ ಹಾಕುವವರಿದ್ದಾರೆ. ಮೀನಿಗೂ ಈಲಿ ಉಂಟು. ಅಂಥ ಹಿಂಡಿಯಲ್ಲಿ ಶೇಕಡಾ 7ರಷ್ಟು ಸಾರಜನಕವಂತೂ ಉಳಿದೇ ಇರುತ್ತದೆ. ತೆಂಗಿನ ಪಾತಿಯಲ್ಲಿ ಬುಡದಿಂದ ಮೂರಡಿ ದೂರ ಒಂದು ಚರಂಡಿ ತೆಗೆದು, ಮರಕ್ಕೆ ಎರಡು ಮೂರು ಕಿಲೋದಂತೆ ಹಾಕಿ, ಕೋಳಿ ಕೆದಕದಂತೆ ಮೇಲೆ ಮಣ್ಣು ಮುಚ್ಚಿಬಿಡಿ. ಕಡಲೆಕಾಯಿ ಬಿತ್ತುವ ಹೊಲಕ್ಕೆ ಮಾತ್ರ ಅದನ್ನು ಒಯ್ಯಬೇಡಿ.